ಎರಡು ಬೆರಳಿನ ಸಡಿಲ

ಗಾಯವಾದ ಕೂಡಲೇ ತೊಟ್ಟ ಪ್ಯಾಂಟೇ ರಕ್ತವನ್ನು ನಿಲ್ಲಿಸುವಂತಿದ್ದರೆ ಹೇಗೆ ಎಂದು ಯಾರಿಗೋ ಒಬ್ಬರಿಗೆ ಹೊಳೆದಿತ್ತು. ಅವರು ಯಾರೆಂದು ನನಗೆ ಗೊತ್ತಿಲ್ಲ. ಒಳ್ಳೆಯ ಮನಸ್ಸಿನವರೇ ಇರಬೇಕು.

ನಾನು ಬೆಟಗೇರಿಯ ಸಮವಸ್ತ್ರ ಕಾರ್ಖಾನೆಗೆ ಸೇರುವ ಹೊತ್ತಿಗೆ ಗಂಡಸರ ಸಮವಸ್ತ್ರದಲ್ಲಿ ರಕ್ತ ನಿಲ್ಲಿಸುವ ಪಟ್ಟಿ ಬಂದು ಐದು ವರ್ಷವಾಗಿತ್ತು. ಎರಡು ತೊಡೆ, ಎರಡು ತೋಳು, ಒಟ್ಟು ನಾಲ್ಕು ಪಟ್ಟಿ. ಬಟ್ಟೆಯ ಒಳಪದರದಲ್ಲೇ ನೇಯ್ದದ್ದು, ಅಂಗೈಯಷ್ಟು ಅಗಲ. ಬೆವರಿಗೂ ರಕ್ತಕ್ಕೂ ಇರುವ ವ್ಯತ್ಯಾಸ ಆ ನೂಲಿಗೆ ಗೊತ್ತು. ರಕ್ತ ತಾಗಿದರೆ ಸೊಂಟದ ಬ್ಯಾಟರಿಯಿಂದ ಕರೆಂಟು ಹರಿದು, ಒಂಬತ್ತು ಸೆಕೆಂಡಿನಲ್ಲಿ ಪಟ್ಟಿ ಒಂದೂವರೆ ಇಂಚು ಕುಗ್ಗುತ್ತದೆ. ಕಾಲನ್ನು ಹಗ್ಗ ಕಟ್ಟಿ ಬಿಗಿದ ಹಾಗೆ. ರಕ್ತ ನಿಲ್ಲುತ್ತದೆ, ಯಾರಾದರೂ ಬಂದು ಎತ್ತಿಕೊಂಡು ಹೋಗುವವರೆಗೆ ಜೀವ ಹಿಡಿದುಕೊಂಡಿರುತ್ತದೆ. ಒಂದೂವರೆ ಇಂಚಿಗಿಂತ ಹೆಚ್ಚು ಕುಗ್ಗಿಸಿದರೆ ನೂಲು ಹರಿಯುತ್ತದೆ. ಇಷ್ಟು ತಿಳಿದರೆ ಸಾಕು. ಇದಕ್ಕಿಂತ ಹೆಚ್ಚು ನನಗೂ ತಿಳಿಯದು.

ಉತ್ತರದ ಗಡಿಯಲ್ಲಿ ಯುದ್ಧ ಏಳನೆಯ ವರ್ಷಕ್ಕೆ ಕಾಲಿಟ್ಟಿತ್ತು. ಹಿಮದ ಮೇಲಿನ ಠಾಣೆಗಳಲ್ಲಿ ನಲವತ್ತು ಸಾವಿರ ಹೆಂಗಸರಿದ್ದರು. ಅವರಿಗೆಲ್ಲ ಗಂಡಸರ ಸಮವಸ್ತ್ರದ ಸಣ್ಣ ಅಳತೆಯನ್ನೇ ಕೊಟ್ಟಿದ್ದರು. ಗಂಡಸಿನ ಸಣ್ಣ ಅಳತೆಯೇ ಹೆಂಗಸಿನ ಅಳತೆ ಎಂದು ತಿಳಿದವರು ತಮ್ಮ ಮನೆಯ ಹೆಂಗಸರನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಕ್ಕಿಲ್ಲ. ಸೊಂಟದಲ್ಲಿ ಕೈ ತೂರುವಷ್ಟು ಜಾಗ, ತೊಡೆಯಲ್ಲಿ ಉಸಿರು ಬಿಡಲೂ ಜಾಗವಿಲ್ಲ. ಗಾಯವಿಲ್ಲದಿದ್ದರೂ ಪಟ್ಟಿ ದಿನವಿಡೀ ಒತ್ತಿ ಕಾಲು ಜೋಮು ಹಿಡಿಯುತ್ತಿತ್ತು. ಹುಡುಗಿಯರು ಬ್ಲೇಡು ತಗೊಂಡು ಪಟ್ಟಿಯನ್ನೇ ಕತ್ತರಿಸಿ ಎಸೆಯತೊಡಗಿದಾಗ ಅಳತೆ ಮಂಡಳಿಯವರಿಗೆ ಎಚ್ಚರವಾಯಿತು. ಹೆಂಗಸರಿಗೇ ಬೇರೆ ಅಳತೆಯ ತಖ್ತೆ ಮಾಡಬೇಕು ಎಂದು ನಿರ್ಧಾರವಾಯಿತು.

ನಾನು ತುಳಜಾಬಾಯಿ, ಶಿಂಪಿಗರ ಮನೆಯವಳು. ಮೂವತ್ತೈದು ವರ್ಷ ಹೆಂಗಸರ ಬಟ್ಟೆ ಕತ್ತರಿಸಿದ್ದೇನೆ. ಮಂಡಳಿಯ ಪ್ರಯೋಗಾಲಯದ ಮುಖ್ಯಸ್ಥೆ ಪ್ರಫುಲ್ಲಾ ಕಾಮತ್ ಎಂಬ ಕಾರ್ಕಳದ ಕಡೆಯ ಡಾಕ್ಟರಮ್ಮ. ಅವರು ನನ್ನ ಮುಂದೆ ಒಂದು ಪ್ಯಾಂಟು ಹಾಕಿ, "ಇದರಲ್ಲಿ ಎಂತ ತಪ್ಪುಂಟು ಹೇಳಿ" ಎಂದರು.

"ಇದನ್ನ ಕತ್ತರಿಸಿದಾವಗ ಕೂತಕೊಳ್ಳೂ ಹೆಂಗಸು ಗೊತ್ತಿಲ್ರಿ. ನಿಂತಾಕಿ ಅಷ್ಟ ಗೊತ್ತು" ಎಂದೆ.

ಅವರು ನಕ್ಕು, ನಾಳೆಯಿಂದಲೇ ಬನ್ನಿ ಎಂದರು.

ಒಪ್ಪಿದ್ದಕ್ಕೆ ಬೇರೆ ಕಾರಣವಿತ್ತು. ನನ್ನ ತಂಗಿ ತೀರಿಕೊಂಡ ಮೇಲೆ ಅವಳ ಮಗಳು ಜಾಹ್ನವಿಯನ್ನು, ನಮ್ಮ ಜಾನುವನ್ನು, ಆರನೆಯ ವರ್ಷದಿಂದ ನಾನೇ ಸಾಕಿದ್ದೆ. ಅವಳು ಪಡೆಗೆ ಸೇರಿ, ವೈರ್‌ಲೆಸ್ ಕೆಲಸ ಕಲಿತು, ಮುಂದಿನ ತಂಡದಲ್ಲಿ ಮೇಲಕ್ಕೆ ಹೊರಡುವವಳಿದ್ದಳು. ಬೇಡ ಅಂದರೆ ಕೇಳುವ ಹುಡುಗಿಯಲ್ಲ. ಹೋಗುವುದಾದರೆ ನಾನು ಕತ್ತರಿಸಿದ ಬಟ್ಟೆ ತೊಟ್ಟು ಹೋಗಲಿ ಅನಿಸಿತು. ಜಾನು ಬದುಕಿ ಬರಬೇಕು. ಆ ಕೆಲಸದಲ್ಲಿ ನನಗೆ ಬೇಕಾಗಿದ್ದದ್ದು ಇದೊಂದೇ.

ಅಳತೆಗೆ ಮೊದಲು ಕ್ಯಾಮೆರಾದ ಕೋಣೆ ಇತ್ತು. ಒಳಉಡುಪಿನಲ್ಲಿ ನಿಂತರೆ ಹನ್ನೆರಡು ಕ್ಯಾಮೆರಾಗಳು ಕಣ್ಣು ಮುಚ್ಚಿ ತೆರೆಯುವುದರೊಳಗೆ ಮೈಯಿಡೀ ಅಳೆಯುತ್ತಿದ್ದವು. ಗಂಡಸರನ್ನು ಹಾಗೆಯೇ ಅಳೆದಿದ್ದರು. ಹೆಂಗಸರ ಸರದಿ ಶುರುವಾದ ಮೂರನೆಯ ದಿನ ಒಬ್ಬ ಹುಡುಗಿಯ ಚಿತ್ರ ಯಾರದೋ ಫೋನಿನಲ್ಲಿ ಕಾಣಿಸಿತು. ಮರುದಿನ ಒಬ್ಬಳೂ ಆ ಕೋಣೆಗೆ ಕಾಲಿಡಲಿಲ್ಲ. ಆಗ ಕಾಮತ್ ಮೇಡಂ ಹತ್ತಿರ ಹೋಗಿ, "ಕ್ಯಾಮೆರಾ ಬ್ಯಾಡ್ರಿ. ಹೆಣ್ಮಕ್ಕಳನ್ನ ಹೆಣ್ಮಕ್ಕಳ ಅಳೀತೀವಿ, ಪರದೆ ಕಟ್ಟಿ, ಟೇಪ್ ಹಿಡದು" ಎಂದವಳು ನಾನೇ.

"ಟೇಪು ಚರ್ಮಕ್ಕೆ ತಾಗಿರ್ಬೇಕು. ಒಂಚೂರೂ ಸಡಿಲ ಇರ್ಬಾರ್ದು" ಎಂದು ಅವರು ಅಂದೇ ಹೇಳಿದ್ದರು.

"ಟೇಪ್ ಹಿಡಿಯೂದು ನಮಗ ಹೇಳಿಕೊಡಬ್ಯಾಡ್ರಿ" ಎಂದೆ. ಆ ಮಾತನ್ನು ನಾನು ಸ್ವಲ್ಪ ಜಂಭದಿಂದಲೇ ಆಡಿದ್ದೆ.

ಹನ್ನೆರಡು ಜನ ಹೆಂಗಸರನ್ನು ಆರಿಸಿದೆ. ಎಲ್ಲರೂ ಹಳೆಯ ಕೈಗಳು. ನನ್ನ ಜೋಡಿ ಹಜರತಬಿ, ಹಳೆಯ ಅಂಗಡಿಯಲ್ಲಿ ಇಪ್ಪತ್ತು ವರ್ಷ ನನ್ನ ಪಕ್ಕದ ಮಶೀನಿನವಳು. ಪರದೆಯ ಹಿಂದೆ ನಾಚಿಕೊಂಡು ನಿಂತ ಹುಡುಗಿಯರನ್ನು ನಗಿಸುವುದು ಅವಳ ಪಾಲಿನ ಕೆಲಸ. "ಹೊಟ್ಟಿ ಒಳಗ ಎಳಕೋಬ್ಯಾಡವಾ, ನಾವೇನ್ ವರನ ಕಡೆಯವರಲ್ಲ" ಎನ್ನುತ್ತಿದ್ದಳು. ಹುಡುಗಿ ನಕ್ಕಾಗ ಉಸಿರು ಸಡಿಲಾಗುತ್ತಿತ್ತು, ಟೇಪಿನಲ್ಲಿ ನಿಜವಾದ ಮೈ ಸಿಗುತ್ತಿತ್ತು. ಹಾಗೆಂದು ನಾವು ತಿಳಿದಿದ್ದೆವು.

ನಾಲ್ಕು ಸಾವಿರ ಹೆಂಗಸರು. ಜಾನುವನ್ನು ನಾನೇ ಅಳೆದೆ. ತೊಡೆಗೆ ಟೇಪು ಸುತ್ತಿದಾಗ ಅವಳು ಬೆಚ್ಚಿ, "ದೊಡ್ಡವ್ವ, ನಿನ್ನ ಬೆರಳ ಭಾಳ ತಣ್ಣಗ ಅದಾವ!" ಎಂದು ಕೂಗಿದಳು. ಪರದೆಯ ಆಚೆ ಸಾಲಿನಲ್ಲಿದ್ದವರೆಲ್ಲ ನಕ್ಕರು. "ಇಪ್ಪತ್ತೊಂದೂಕಾಲು" ಎಂದೆ. ಹಜರತಬಿ ಬರೆದುಕೊಂಡಳು.

ತಖ್ತೆ ಮಾಡಲು ಮೂರು ತಿಂಗಳು ಹಿಡಿಯಿತು. ಮಂಡಳಿಯವರು ನಾಲ್ಕು ಸಾವಿರ ಹೆಂಗಸರನ್ನು ಕೂಡಿಸಿ ಭಾಗಿಸಿ ಒಬ್ಬಳು ಸರಾಸರಿ ಹೆಂಗಸನ್ನು ತೆಗೆದರು. ಅಂಥ ಹೆಂಗಸು ನಾಲ್ಕು ಸಾವಿರದಲ್ಲಿ ಒಬ್ಬಳೂ ಇರಲಿಲ್ಲ. ಐದೇ ಅಳತೆ ಸಾಕು ಎಂದರು. ನಾನು ಜಗಳವಾಡಿ ಒಂಬತ್ತು ಮಾಡಿಸಿದೆ. ಎದೆಯ ಲೆಕ್ಕ ಬಿಟ್ಟು ತೊಡೆಯಿಂದ ಅಳತೆ ಶುರುಮಾಡಿಸಿದೆ. ಯಾಕೆಂದರೆ ಪಟ್ಟಿ ಇರುವುದು ಅಲ್ಲಿ. ಜಾನು ಆರನೆಯ ಅಳತೆಗೆ ಬಿದ್ದಳು. ಹೆಚ್ಚುಕಡಿಮೆ ನಡುವಿನ ಅಳತೆ, ಎಲ್ಲಕ್ಕಿಂತ ಹೆಚ್ಚು ಜನ ಬೀಳುವ ಅಳತೆ.

ಪ್ರಯೋಗಾಲಯದಲ್ಲಿ ರಬ್ಬರಿನ ಕಾಲುಗಳನ್ನು ಮಾಡಿಸಿದ್ದರು, ಒಳಗೆ ಕೆಂಪು ನೀರಿನ ನಳಿಗೆ. ಒಂಬತ್ತು ಅಳತೆಗೆ ಒಂಬತ್ತು ಜೊತೆ ಕಾಲು. ಪ್ಯಾಂಟು ಹಾಕಿ ನಳಿಗೆಗೆ ತೂತು ಮಾಡಿದರೆ ಪಟ್ಟಿ ಬಿಗಿದು ನೀರು ನಿಲ್ಲುತ್ತಿತ್ತು. ನೂರಕ್ಕೆ ನೂರು ಸಲ. ನಾವು ಕೈ ತಟ್ಟಿದೆವು. ಹಜರತಬಿ ಪೇಢಾ ಹಂಚಿದಳು.

ಸಮವಸ್ತ್ರ ಮೇಲಕ್ಕೆ ಹೋದ ಮೇಲೆ ಹುಡುಗಿಯರು ನನ್ನನ್ನು ಹರಸಿದರು. ಭಾನುವಾರಕ್ಕೊಮ್ಮೆ ನಾಲ್ಕು ನಿಮಿಷ ಜಾನುವಿನ ಫೋನು ಬರುತ್ತಿತ್ತು. ಫೋನಿನಲ್ಲಿ ಒಂದು ಯಂತ್ರ ಮಾತು ಕೇಳುತ್ತಿರುತ್ತದೆ. ಜಾಗ, ಆಯುಧ, ಸಮವಸ್ತ್ರ ಇಂಥ ಮಾತು ಬಂದರೆ ಲೈನು ಕಡಿಯುತ್ತದೆ. ಅವಳು ಜಾಣತನದಿಂದ, "ನೀ ಮಾಡಿದ್ದು ಎಲ್ಲಾರಿಗೂ ಭಾಳ ಸೇರೇತಿ ದೊಡ್ಡವ್ವ. ಕುಂತ್ರೂ ಹಿಡಿಯೂದಿಲ್ಲ, ಹತ್ತಿದ್ರೂ ಹಿಡಿಯೂದಿಲ್ಲ. ಆ ಟೇಲರ್ ಅಜ್ಜಿ ನೂರ್ ವರ್ಷ ಬಾಳಲಿ ಅಂತಾರ" ಎಂದಳು.

ಆವತ್ತು ನಾನು ಎರಡು ರೊಟ್ಟಿ ಹೆಚ್ಚು ತಿಂದೆ.

ಕಾರ್ಖಾನೆಯ ಮಹಡಿಯಲ್ಲಿ ದೀಪದ ಕೋಣೆ ಇದೆ. ಗೋಡೆಯ ತುಂಬ ಚುಕ್ಕೆಗಳು, ಒಂದೊಂದು ಸಮವಸ್ತ್ರಕ್ಕೆ ಒಂದೊಂದು. ತೊಟ್ಟಿದ್ದರೆ ಬಿಳಿ. ಪಟ್ಟಿ ಬಿಗಿದರೆ ಹಸಿರು. ಅಲ್ಲಿ ಕೂತು ನೋಡುವ ಸುನಂದಾ ಎಂಬಾಕೆ ಹಸಿರು ಹೊತ್ತಿದಾಗಲೆಲ್ಲ "ಉಳೀತು ಒಂದು" ಎನ್ನುತ್ತಿದ್ದಳು. ಗಂಡಸರ ಕಾಲದಿಂದ ಬಂದ ರೂಢಿ. ಆಗ ಹತ್ತು ಹಸಿರಿಗೆ ಎಂಟು ಜನ ಮನೆಗೆ ಬರುತ್ತಿದ್ದರು.

ಎರಡು ತಿಂಗಳ ಮೇಲೆ ಕಾಮತ್ ಮೇಡಂ ನನ್ನನ್ನು ಪ್ರಯೋಗಾಲಯಕ್ಕೆ ಕರೆದು ಬಾಗಿಲು ಹಾಕಿದರು.

"ಹೆಂಗಸರದ್ದು ಮೂವತ್ತೊಂದು ಹಸಿರಾಗಿದೆ ತುಳಜಾಬಾಯಿ. ಬದುಕಿದ್ದು ನಾಲ್ಕೇ ಜನ."

"ಪಟ್ಟಿ ಬಿಗಿದಿಲ್ಲೇನ್ರಿ?"

"ಬಿಗಿದಿದೆ. ಪೂರಾ ಒಂದೂವರೆ ಇಂಚು. ಆದ್ರೂ ರಕ್ತ ನಿಂತಿಲ್ಲ. ಇಲ್ಲಿ ನೋಡಿದ್ರೆ ಸರಿಯಾಗೇ ಉಂಟಲ್ಲ ಮಾರಾಯ್ರೆ." ರಬ್ಬರ್ ಕಾಲಿನ ಮೇಲೆ ಮತ್ತೊಮ್ಮೆ ಮಾಡಿ ತೋರಿಸಿದರು. ನೀರು ಟಪ್ಪನೆ ನಿಂತಿತು.

"ಈ ರಬ್ಬರ್ ಕಾಲ ಯಾರ ಅಳತಿಗೆ ಮಾಡಿದ್ದು?" ಎಂದು ಕೇಳಿದೆ.

"ನಿಮ್ಮದೇ. ನೀವು ಕೊಟ್ಟ ಅಳತೆಯಿಂದ್ಲೇ ಎರಕ ಹೊಯ್ದದ್ದು."

ಜೇಬಿನಿಂದ ಟೇಪು ತೆಗೆದು, "ನಿಮ್ಮ ಕಾಲ ತೋರಸ್ರಿ ಮೇಡಂ" ಎಂದೆ. ಅವರು ಸ್ಟೂಲಿನ ಮೇಲೆ ಪಾದವಿಟ್ಟರು. ಟೇಪು ಸುತ್ತಿದೆ, ಓದಿದೆ, "ಇಪ್ಪತ್ತೊಂದೂಕಾಲು. ಆರನೇ ಅಳತಿ" ಎಂದೆ.

ಅವರು ಬಗ್ಗಿ ನೋಡುತ್ತಿದ್ದರು. "ಬೆರಳು ಯಾಕೆ ಒಳಗಿಟ್ರಿ?"

"ಯಾವ ಬೆರಳ?"

ನಾನೂ ಬಗ್ಗಿ ನೋಡಿದೆ. ಟೇಪಿನ ಒಳಗೆ ನನ್ನ ಬಲಗೈಯ ಎರಡು ಬೆರಳು, ತೋರುಬೆರಳು ಮತ್ತು ನಡುಬೆರಳು, ತಮ್ಮ ಮನೆಯಲ್ಲಿ ಕೂತ ಹಾಗೆ ಕೂತಿದ್ದವು.

ಹನ್ನೊಂದನೆಯ ವಯಸ್ಸಿನಲ್ಲಿ ನನ್ನ ಅವ್ವ ಕಲಿಸಿದ್ದು. ಹೆಣ್ಣಿನ ಮೈಗೆ ಟೇಪು ಒತ್ತಬಾರದು, ಒಳಗೆ ಎರಡು ಬೆರಳು ಇಟ್ಟು ಹಿಡಿ. ಅದು ಮರ್ಯಾದೆ, ಉಸಿರಾಡಲು ಜಾಗ, ನಾಳೆ ಮೈ ತುಂಬಿದರೂ ನಡೆಯುತ್ತದೆ. ಅಂದಿನಿಂದ ನನ್ನ ಬೆರಳು ಹೊರಗಿದ್ದದ್ದೇ ಇಲ್ಲ. ಹನ್ನೆರಡು ಜನಕ್ಕೂ ಅವರವರ ಅವ್ವಂದಿರು ಅದನ್ನೇ ಕಲಿಸಿದ್ದರು. ಕಲಿತದ್ದನ್ನು ನಾವ್ಯಾರೂ ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಉಸಿರಾಡುವುದನ್ನು ಯಾರು ಹೇಳಿಕೊಳ್ಳುತ್ತಾರೆ?

ನಿನ್ನ ಬೆರಳ ತಣ್ಣಗ ಅದಾವ ಎಂದಿದ್ದಳು ಜಾನು. ಟೇಪು ಚರ್ಮಕ್ಕೆ ತಾಗಿದ್ದರೆ ನನ್ನ ಬೆರಳಿನ ತಂಪು ಅವಳಿಗೆ ಗೊತ್ತಾಗುವುದಾದರೂ ಹೇಗೆ?

ಕಾಮತ್ ಮೇಡಂ ಪರದೆಯ ಹಿಂದೆ ಹೋಗಿ ಆರನೆಯ ಅಳತೆಯ ಪ್ಯಾಂಟು ಹಾಕಿಕೊಂಡು ಬಂದು ಪಟ್ಟಿಗೆ ಕರೆಂಟು ಕೊಟ್ಟರು. ಪಟ್ಟಿ ಕುಗ್ಗಿತು. ಅವರ ತೊಡೆ ಇದ್ದದ್ದು ಇಪ್ಪತ್ತು ಇಂಚು. ನಮ್ಮ ಎರಡು ಬೆರಳು ತಿಂದದ್ದು ಒಂದೂಕಾಲು. ಉಳಿದ ಕಾಲು ಇಂಚು ಪಟ್ಟಿ ಬಿಗಿಯಿತು. ಕೈಗೆ ಬಳೆ ಏರಿಸಿದಷ್ಟು. ಅವರು ಪಟ್ಟಿಯ ಕೆಳಗೆ ಬೆರಳು ತೂರಿಸಿ ಆಚೀಚೆ ಆಡಿಸಿದರು. ದೀಪದ ಕೋಣೆಯ ಗೋಡೆಯ ಮೇಲೆ ಇದೂ ಹಸಿರಾಗಿಯೇ ಕಾಣುತ್ತಿತ್ತು.

ನಾನು ಟೇಪು ಸುತ್ತಿ ಮೇಜಿನ ಮೇಲಿಟ್ಟೆ.

ಆಮೇಲೆ ನನ್ನ ದರ್ಜಿ ಬುದ್ಧಿ ಓಡತೊಡಗಿತು. ಸೂಜಿ ಹಾಕಿ ಸಣ್ಣದು ಮಾಡುವಂತಿಲ್ಲ, ನೂಲು ಸತ್ತುಹೋಗುತ್ತದೆ. ಆದರೆ ಒಳಗೆ ತೊಡೆಗೆ ದಪ್ಪ ಬಟ್ಟೆ ಸುತ್ತಿಕೊಂಡರೆ ಆ ಎರಡು ಬೆರಳಿನ ಜಾಗ ತುಂಬುತ್ತದೆ. ಮೇಲಿರುವವರಿಗೆ ಇಷ್ಟು ಹೇಳಿದರೆ ಸಾಕು. ಇನ್ನು ಮುಂದೆ ಹೋಗುವವರಿಗೆ ಒಂದು ಅಳತೆ ಕಡಿಮೆಯದು ಕೊಡಬೇಕು, ಎದೆಯಲ್ಲಿ ಹಿಡಿದರೂ ಸರಿ. ಐದನೆಯ ಅಳತೆಯ ರಬ್ಬರ್ ಕಾಲಿಗೆ ಬಟ್ಟೆ ಸುತ್ತಿ, ಆರನೆಯ ಅಳತೆಯ ಪ್ಯಾಂಟು ಹಾಕಿ ನೋಡಿದೆವು. ಹತ್ತಕ್ಕೆ ಏಳು ಸಲ ನೀರು ನಿಂತಿತು.

ಮಂಡಳಿಯ ಅಧ್ಯಕ್ಷರು ಕಂಪ್ಯೂಟರಿನ ಪರದೆಯ ಮೇಲೆ ಬಂದರು. ನಾನು ಎದ್ದು ನಿಂತು, "ತಪ್ಪು ನಂದ್ರಿ. ಬೆರಳಿಟ್ಟು ಅಳದೀವಿ" ಎಂದೆ.

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಒಳ್ಳೆಯದಿತ್ತು. "ತಾಯೀ, ಬೆರಳು ಎಂದು ವರದಿಯಲ್ಲಿ ಬರೆಯಲಾಗುವುದಿಲ್ಲ. ನಾಲ್ಕು ಸಾವಿರ ಹೆಂಗಸರನ್ನು ಅಳೆದದ್ದು ಸುಳ್ಳು ಎಂದಾಗುತ್ತದೆ. ಎತ್ತರದಲ್ಲಿ ಹೆಂಗಸರ ಮೈ ಇಳಿಯುತ್ತದೆ ಎಂದು ವೈದ್ಯರು ಹೇಳುತ್ತಿದ್ದಾರೆ. ಅಧ್ಯಯನವಾಗಲಿ. ಅಲ್ಲಿಯವರೆಗೆ ಪಟ್ಟಿಯ ಬಗ್ಗೆ ಮೇಲೆ ಒಂದು ಮಾತೂ ಹೋಗಬಾರದು. ಧೈರ್ಯ ಹೋದರೆ ಠಾಣೆ ಹೋಗುತ್ತದೆ" ಎಂದರು.

"ಧೈರ್ಯ ಇಟಕೊಂಡು ರಕ್ತ ಸುರಿಸಿ ಸಾಯಲಿ ಅಂತೀರೇನ್ರಿ?" ಎಂದೆ. ಅಷ್ಟರಲ್ಲಿ ಪರದೆ ಕಪ್ಪಾಗಿತ್ತು. ಕಾಮತ್ ಮೇಡಂ ಎರಡು ಸಲ ಬರೆದರು. ಎರಡನೆಯ ಸಲ ಉತ್ತರದ ಬದಲು ಅವರಿಗೆ ವರ್ಗದ ಆದೇಶ ಬಂತು.

ಮನೆಗೆ ಬಂದು ಟ್ರಂಕು ತೆಗೆದೆ. ತಂಗಿಯ ಹಳೆಯ ಇಳಕಲ್ ಸೀರೆ ಇತ್ತು. ಅದರಿಂದ ಎರಡು ಉದ್ದನೆಯ ತುಂಡು ಕತ್ತರಿಸಿ, ಒಳಗೆ ಹಳೆಯ ಬಟ್ಟೆಯ ಪದರಗಳನ್ನಿಟ್ಟು ಕೌದಿ ಹೊಲಿದ ಹಾಗೆ ಹೊಲಿದೆ. ಸರಿಯಾಗಿ ಎರಡು ಬೆರಳಿನ ಜಾಗ ತುಂಬುವಷ್ಟು ದಪ್ಪ. ಲಾಡಿ ಹಚ್ಚಲಿಲ್ಲ. ಹಚ್ಚಿದರೆ ಪಾರ್ಸೆಲ್ ಬಿಚ್ಚಿ ನೋಡುವವರಿಗೆ ಅನುಮಾನ. ಚೀಟಿ ಇಡಲಿಲ್ಲ. ಇಟ್ಟರೆ ಪಾರ್ಸೆಲ್ಲೇ ಹೋಗುವುದಿಲ್ಲ. ಎರಡು ತೊಡೆಗೆ ಎರಡು. ದರ್ಜಿಯ ಮನೆಯ ಹುಡುಗಿ, ಬಟ್ಟೆ ಕೈಗೆ ಬಂದರೆ ತಿಳಿದುಕೊಳ್ಳುತ್ತಾಳೆ ಎಂದು ನಂಬಿದೆ.

ಎರಡು ಭಾನುವಾರ ಲೈನು ಸಿಗಲಿಲ್ಲ. ಮೂರನೆಯ ಭಾನುವಾರ ಫೋನು ಬಂತು.

"ದೊಡ್ಡವ್ವ, ಬಂತು! ಅವ್ವನ ಸೀರಿ ವಾಸನಿ ಇನ್ನೂ ಐತಿ. ಕೊರಳಿಗೆ ಸುತ್ತಕೊಂಡೇನಿ. ಇನ್ನೊಂದು ನನ್ನ ಗೆಳತಿಗೆ ಕೊಟ್ಟೆ, ಪಾಪ ಅಕೀಗೆ ಮನಿಂದ ಏನೂ ಬರೂದಿಲ್ಲ."

"ಕೊರಳಿಗಲ್ಲವ್ವ! ಎರಡೂ ನಿನಗಾ. ಕಾಲಿಗೆ ಸುತ್ತಕೋ, ತೊಡಿಗೆ, ಬಿಗಿಯಾಗಿ…"

"ಕಾಲಿಗ್ಯಾಕ? ಕಾಲ ಬೆಚ್ಚಗ ಅದಾವ. ನಿನ್ನ ಪ್ಯಾಂಟ್ ಎಷ್ಟ್ ಚಲೋ ಐತಿ ಅಂದ್ರ…"

ಲೈನು ಕಡಿಯಿತು. ಅವಳು ನನ್ನನ್ನು ಹೊಗಳಲು ಆಡಿದ ಮಾತಿಗೇ ಕಡಿಯಿತು.

ಮುಂದಿನ ಭಾನುವಾರ ಏನೇನು ಹೇಳಬೇಕೆಂದು ದಿನವೂ ಬಾಯಿಪಾಠ ಮಾಡಿದೆ. ಪ್ಯಾಂಟು ಎನ್ನದೆ, ಪಟ್ಟಿ ಎನ್ನದೆ ಹೇಳುವ ದಾರಿ ಹುಡುಕಿದೆ. ಅವಳು ಚಿಕ್ಕವಳಿದ್ದಾಗ ಲಂಗ ಜಾರದಂತೆ ಒಳಗೆ ಟವೆಲ್ ಸುತ್ತುತ್ತಿದ್ದೆ. ಅದನ್ನು ನೆನಪಿಸಿದರೆ ಸಾಕು ಅನಿಸಿತು. ಹಜರತಬಿ ಫೋನಿನ ಆಚೆ ಜಾನುವಾಗಿ ಕೂತು ನನ್ನಿಂದ ಹೇಳಿಸಿದಳು. "ತಿಳೀತು ದೊಡ್ಡವ್ವ" ಎಂದು ಅವಳೇ ಉತ್ತರ ಕೊಟ್ಟು ಕಣ್ಣು ಒರೆಸಿಕೊಂಡಳು.

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಚಹಾ ಕುಡಿಯಲು ದೀಪದ ಕೋಣೆಗೆ ಹೋಗಿದ್ದೆ. ಆ ದಿನಗಳಲ್ಲಿ ಅಲ್ಲಿಗೇ ಹೋಗುತ್ತಿದ್ದೆ. ಮೂರನೆಯ ಸಾಲಿನ ಕೊನೆಯ ಬಿಳಿ ಚುಕ್ಕೆ ಜಾನುವಿನದು. ಅದನ್ನು ನೋಡಿಕೊಂಡೇ ಚಹಾದ ಕಪ್ ಬಾಯಿಗಿಟ್ಟೆ. ನೋಡುತ್ತಿದ್ದ ಹಾಗೆಯೇ ಅದು ಹಸಿರಾಯಿತು.

"ಉಳೀತು ಒಂದು" ಎಂದಳು ಸುನಂದಾ, ರೂಢಿಯಂತೆ. ನನ್ನ ಮುಖ ನೋಡಿ ನಂಬರು ಓದಿದಳು. ಆಮೇಲೆ ಅವಳು ಯಾವತ್ತೂ ಆ ಮಾತು ಆಡಲಿಲ್ಲ.

ಹಸಿರು ಚುಕ್ಕೆ ನಲವತ್ತು ನಿಮಿಷ ಇದ್ದು ಆರಿತು. ಎದ್ದು ಹೋಗಬೇಕೆನಿಸಿತು, ಹೋಗಲಿಲ್ಲ. ಪಟ್ಟಿ ತನ್ನ ಕೆಲಸ ತಾನು ಮಾಡುತ್ತಿತ್ತು, ಒಂದೂವರೆ ಇಂಚು ಕುಗ್ಗಿ ಹಿಡಿದುಕೊಂಡಿತ್ತು. ಅದು ಹಿಡಿದುಕೊಂಡದ್ದು ನನ್ನ ಎರಡು ಬೆರಳನ್ನು.

ತಿಂಗಳಾದ ಮೇಲೆ ಅವಳ ಸಾಮಾನು ಬಂತು. ಜೊತೆಗಿದ್ದ ಯಾದಿಯಲ್ಲಿ ಕೈಗಡಿಯಾರ, ಹಣಿಗೆ, ಎರಡು ಜೊತೆ ಕಾಲುಚೀಲ, ಕೊರಳಿಗೆ ಸುತ್ತಿದ್ದ ಬಟ್ಟೆ ಒಂದು ಎಂದು ಬರೆದಿತ್ತು. ಬಟ್ಟೆ ಒಗೆದು ಮಡಿಸಿ ಕಳಿಸಿದ್ದರು. ಅದರಲ್ಲಿ ಒಂದು ಕಲೆಯೂ ಇರಲಿಲ್ಲ.

ಅಧ್ಯಯನ ಮುಗಿಯಿತು. ಎತ್ತರದ ಠಾಣೆಗಳಲ್ಲಿ ಧರಿಸಿದವರ ದೇಹತೂಕ ಇಳಿದದ್ದೇ ಕಾರಣ, ಅವರಿಗೆ ಹೆಚ್ಚು ಬೆಣ್ಣೆ ಕೊಡಬೇಕು ಎಂದು ವರದಿ ಬಂತು. ತಖ್ತೆ ಹಾಗೆಯೇ ಉಳಿಯಿತು. ಹೊಸ ತಂಡಕ್ಕೆ ಅದೇ ಒಂಬತ್ತು ಅಳತೆ. ನಮ್ಮನ್ನು ಮತ್ತೆ ಅಳೆಯಲು ಕರೆದರು.

ನಾನು ಹೋದೆ. ಟೇಪು ಬಿಗಿ ಹಿಡಿದರೆ ಆರರ ಹುಡುಗಿ ಐದಕ್ಕೆ ಬೀಳುತ್ತಾಳೆ, ಪಟ್ಟಿ ಸರಿಹೋಗುತ್ತದೆ. ಮಂಡಳಿಗೆ ಹೇಳದೆ ಮಾಡಬಹುದಾದದ್ದು ಇಷ್ಟೇ. ಹನ್ನೆರಡು ಜನರನ್ನೂ ಕೂರಿಸಿ ಎಲ್ಲ ಹೇಳಿದೆ, ಅತ್ತೆವು, ಬೆರಳು ಇಡುವುದಿಲ್ಲ ಎಂದು ಎಲ್ಲರೂ ಹೂಂ ಎಂದರು. ಅವರ ಬೆರಳು ಹೂಂ ಅನ್ನಲಿಲ್ಲ. ಮೊದಲ ದಿನ ಇಬ್ಬರು ಹುಡುಗಿಯರಿಗೆ ನಿಜ ಹೇಳಿದೆ. ಮರುದಿನವೇ, ಅಳೆಯುವವರು ನಂಬರು ಬಿಟ್ಟು ಬೇರೆ ಮಾತಾಡಿದರೆ ತೆಗೆದುಹಾಕಲಾಗುವುದು ಎಂದು ನೋಟಿಸು ಬಂತು. ನನ್ನನ್ನು ತೆಗೆದರೆ ಆ ಜಾಗಕ್ಕೆ ಬರುವವಳು ಸಡಿಲ ಬಿಡುತ್ತಾಳೆ. ಬಾಯಿ ಮುಚ್ಚಿಕೊಂಡು ಟೇಪು ಹಿಡಿದೆ.

ನರಗುಂದದ ಕಡೆಯ ಒಬ್ಬಳು ಬಂದಳು. ಜಾನುವಿನಷ್ಟೇ ಎತ್ತರ. ಎರಡು ಬೆರಳನ್ನು ಮಡಚಿ ಅಂಗೈಯಲ್ಲಿ ಅದುಮಿಕೊಂಡು ಟೇಪು ಎಳೆದೆ.

"ಅಯ್ಯ ಅಜ್ಜೀ, ನೋಯತೈತಿ! ಸ್ವಲ್ಪ ಸಡಿಲ ಬಿಡ್ರಿ."

ಬಿಡಲಿಲ್ಲ. ಇಪ್ಪತ್ತು ಎಂದೆ. ಅವಳು ತೊಡೆ ಉಜ್ಜಿಕೊಂಡು ಹೊರಗೆ ಹೋಗಿ, "ಆ ಮುದುಕಿ ಕೈ ಕಲ್ಲಿದ್ದಂಗ ಐತಿ. ಬರೂ ಪ್ಯಾಂಟ್ ಹೆಂಗಿರತೈತೋ ಏನೋ" ಎಂದದ್ದು ಪರದೆಯ ಒಳಗೆ ಕೇಳಿಸಿತು.

ಪಕ್ಕದ ಪರದೆಯಲ್ಲಿ ಹಜರತಬಿ ಇದ್ದಳು. ಮೊದಲ ಮೂರು ಹುಡುಗಿಯರಿಗೆ ಅವಳೂ ಬಿಗಿ ಹಿಡಿದಿದ್ದಳು. ನಾಲ್ಕನೆಯವಳು ಸ್ಸ್ ಎಂದು ಹಲ್ಲು ಕಚ್ಚಿದಾಗ ಬೆರಳು ತಾವಾಗಿ ಒಳಗೆ ಹೋದದ್ದನ್ನು ಸಂದಿಯಿಂದ ನಾನೇ ನೋಡಿದೆ. ಅವಳೂ ನೋಡಿಕೊಂಡಳು. ನನ್ನತ್ತ ತಿರುಗಿ, "ಆಗವಲ್ದು ಅಕ್ಕಾ" ಎಂದಳು ಮೆಲ್ಲಗೆ. ಅವಳ ಕೈಯೊಳಗಿನ ಹುಡುಗಿ ಹಾಯಾಗಿ ಉಸಿರು ಬಿಟ್ಟು ನಕ್ಕಳು.

ಆ ನಗು ಹೊರಗೆ ಕೇಳಿಸಿರಬೇಕು. ಪರದೆ ಸರಿಸಿ ನೋಡಿದೆ. ನನ್ನ ಮುಂದಿನ ಸಾಲು ತೆಳ್ಳಗಾಗಿತ್ತು. ಹುಡುಗಿಯರು ಒಬ್ಬೊಬ್ಬರಾಗಿ ಸರಿದು ಹಜರತಬಿಯ ಸಾಲಿಗೆ ಸೇರುತ್ತಿದ್ದರು. ನಾನು ಟೇಪು ಹಿಡಿದುಕೊಂಡು, "ಈ ಕಡೆ ಬರ್ರೆವ್ವಾ, ಈ ಕಡೆ ಬರ್ರಿ" ಎಂದು ಕರೆಯುತ್ತಾ ನಿಂತೆ. ಯಾರೂ ಬರಲಿಲ್ಲ.